ಕಟಿಂಗ್ ಅಕ್ಕ ಕೊನೇ ಸಾಲು ಓದದ ದಿನ

ಆ ಪ್ರೆಸ್ಸು ಈಗಿಲ್ಲ. ಅದಿದ್ದ ಜಾಗದಲ್ಲಿ ಮೊಬೈಲಿನ ಕವರು ಮಾರುವ ಅಂಗಡಿಯೊಂದು ಹಗಲಲ್ಲೂ ದೀಪ ಹಚ್ಚಿಕೊಂಡು ಕೂತಿದೆ. ಆದರೆ ಆ ಬೀದಿಯಲ್ಲೇ ಬೆಳೆದು ತಲೆ ನೆರೆತವರನ್ನು ಕೇಳಿ ನೋಡಿ, ಅವರ ಕಿವಿಯಲ್ಲಿ ಇನ್ನೂ ಮೂರು ಸದ್ದು ಉಳಿದಿವೆ. ಮೊದಲು ಹಿಂದಿನ ಕೋಣೆಯಿಂದ ಹೆಂಗಸೊಬ್ಬಳು ಗಟ್ಟಿಯಾಗಿ ಓದುವ ಒಂದೇ ಒಂದು ಸಾಲು. ಅದರ ಬೆನ್ನಿಗೆ ಮುದುಕನೊಬ್ಬನ “ಹ್ಞೂಂ”. ಅದರ ಬೆನ್ನಿಗೆ ಅಲಗು ಇಳಿದು ಹಾಳೆಯ ಅಟ್ಟಿಯನ್ನು ಕೊಯ್ಯುವ ಘಸ್ ಎಂಬ ಸದ್ದು.

ಓದುತ್ತಿದ್ದವಳು ಕಟಿಂಗ್ ಅಕ್ಕ. ಅಚ್ಚಾದ ಹಾಳೆಗಳನ್ನು ಅಳತೆಗೆ ಕತ್ತರಿಸುವ ಯಂತ್ರ ಅವಳದು. ಅದು ಗಂಡಸರ ಯಂತ್ರ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಅಪ್ಪನ ಬಲಗೈ ನಡುಗಲು ಶುರುವಾದ ವರ್ಷ, ಅವಳು ಅದರ ಹಿಡಿಗೆ ಕೈ ಹಾಕಿದಳು. ಮೂವತ್ತೊಂದು ವರ್ಷ ಬಿಡಲಿಲ್ಲ. ಮದುವೆಯ ಮಾತೆತ್ತಿದವರಿಗೆ, “ಅಲಗಿಗೆ ಸಾಣೆ ಹಿಡಿಸೋಕೇ ಪುರುಸೊತ್ತಿಲ್ಲ, ಗಂಡಂಗೆ ಎಲ್ಲಿಂದ ತರಲಿ?” ಅಂದು ಬಾಯಿ ಮುಚ್ಚಿಸುತ್ತಿದ್ದಳು. “ಹ್ಞೂಂ” ಅನ್ನುತ್ತಿದ್ದವನು ಮೊಳೆಮಾವ. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಜೋಡಿಸುವವನು. ಅವಳನ್ನು ಫ್ರಾಕು ಹಾಕಿಕೊಂಡ ಕಾಲದಿಂದ ಕಂಡವನು.

ಕೊನೇ ಸಾಲು ಓದುವ ಪದ್ಧತಿ ಶುರುವಾದದ್ದು ಅವಳ ಅಪ್ಪನಿಂದ. ಗಿರಣಿ ಮುಷ್ಕರದ ವರ್ಷ ಈ ಪ್ರೆಸ್ಸಿನಲ್ಲೇ ಕರಪತ್ರ ಅಚ್ಚಾಗುತ್ತಿದ್ದವು. ಒಂದು ದಿನ ಅವಸರದಲ್ಲಿ ಅಪ್ಪನ ಅಳತೆ ಅರ್ಧ ಬೆರಳು ತಪ್ಪಿತು. ಎರಡು ಸಾವಿರ ಕರಪತ್ರದ ಕೊನೇ ಸಾಲು ಚೂರಾಗಿ ಕೆಳಗೆ ಬಿತ್ತು. ಆ ಸಾಲಿನಲ್ಲಿದ್ದದ್ದು ಸಭೆಯ ಜಾಗ. ಅರ್ಧ ಜನ ಮೈದಾನಕ್ಕೆ ಹೋದರು, ಅರ್ಧ ಜನ ಗಿರಣಿಯ ಬಾಗಿಲಿಗೆ. ಒಟ್ಟಿಗಿದ್ದಿದ್ದರೆ ಪೊಲೀಸರು ಮುಟ್ಟಲು ಹಿಂದೆಮುಂದೆ ನೋಡುತ್ತಿದ್ದರು. ಬಾಗಿಲ ಬಳಿ ಸಿಕ್ಕ ಇನ್ನೂರು ಜನರನ್ನು ಮನಸೋ ಇಚ್ಛೆ ಬಡಿದರು. ಕೈ ಮುರಿದವರಲ್ಲಿ ಅಪ್ಪನ ಖಾಸಾ ಗೆಳೆಯನೂ ಇದ್ದ. ಅಪ್ಪ ಅವತ್ತಿನಿಂದ ಯಾವ ಕಾಗದವಿರಲಿ, ಮದುವೆ ಪತ್ರಿಕೆಯಿರಲಿ, ಸೋಪಿನ ಜಾಹೀರಾತಿರಲಿ, ಕೊನೇ ಸಾಲನ್ನು ಇಡೀ ಪ್ರೆಸ್ಸಿಗೆ ಕೇಳುವಂತೆ ಓದಿ, ಮೊಳೆಮಾವ ಹ್ಞೂಂಗುಟ್ಟಿದ ಮೇಲೇ ಅಲಗು ಇಳಿಸುತ್ತಿದ್ದ. ಯಂತ್ರದ ಜೊತೆ ಆ ಪದ್ಧತಿಯೂ ಮಗಳಿಗೆ ಬಂತು. ಮೂವತ್ತೊಂದು ವರ್ಷದಲ್ಲಿ ಅವಳದ್ದು ಒಂದು ಸಾಲೂ ತಪ್ಪಿರಲಿಲ್ಲ. ಆಸ್ತಿ ಅಂತ ಅವಳಿಗಿದ್ದದ್ದು ಅದೊಂದೇ ಮಾತು.

ಅಂಥವಳ ಬಾಳಿನೊಳಕ್ಕೆ ಒಂದು ಮೊಲ ಬಂತು.

ಪ್ರೆಸ್ಸಿನ ಹಿಂದೆ ಸಣ್ಣ ಅಂಗಳ, ಅಂಗಳದಾಚೆ ಎರಡು ಕೋಣೆಯ ಮನೆ. ಅಲ್ಲಿ ಅಕ್ಕ ಮತ್ತು ಅವಳ ಅತ್ತಿಗೆ ಇರುತ್ತಿದ್ದರು. ಅಣ್ಣ ತೀರಿಕೊಂಡ ಮೇಲೂ ಅತ್ತಿಗೆ ತವರಿಗೆ ಹೋಗಲಿಲ್ಲ. “ಇವಳನ್ನ ಬಿಟ್ಟುಹೋದ್ರೆ ಬರೀ ಚಹಾ ಕುಡಿದು ಸಾಯ್ತಾಳೆ” ಅನ್ನುವುದು ಅವಳು ಕೊಡುತ್ತಿದ್ದ ಕಾರಣ. ಅಂಗಳದ ಮೂಲೆಯಲ್ಲಿ ಕಾಗದದ ಚೂರಿನ ರಾಶಿ. ವಾರಕ್ಕೊಮ್ಮೆ ಗುಜರಿಯವನು ಬಂದು ತುಂಬಿಕೊಂಡು ಹೋಗುತ್ತಿದ್ದ. ಒಂದು ಬೆಳಗ್ಗೆ ಅಕ್ಕ ಚೂರು ಸುರಿಯಲು ಹೋದಾಗ ಬಿಳಿ ರಾಶಿಯ ಮೇಲೆ ಕಾರ್ಬನ್ ಹಾಳೆಯ ತುಂಡೊಂದು ಕಂಡಿತು. ಬಿಳಿ ಚೂರಿನಲ್ಲಿ ಕಾರ್ಬನ್ ಬೆರೆತರೆ ಗುಜರಿಯವನು ಮುಖ ಗಂಟಿಕ್ಕುತ್ತಾನೆ. ಬಗ್ಗಿ ಅದನ್ನು ಎಳೆದಳು. ಕಾರ್ಬನ್ ಬೆಚ್ಚಗಿತ್ತು. ಅದರ ತುದಿಯಲ್ಲೊಂದು ಮೊಲವಿತ್ತು.

ಮೊಲ ಅವಳ ಮುಂಗೈಗೆ ಹಿಂಗಾಲಿನಿಂದ ಎರಡು ಬಿಟ್ಟಿತು. ಅವಳು ಬಗ್ಗಿದಲ್ಲೇ ಕೂತಳು. ಮೈಯೆಲ್ಲ ಬಿಳಿ, ಎಡಗಿವಿ ಮಾತ್ರ ಮಸಿ ಬಳಿದಂತೆ ಕಪ್ಪು. ಓಡಿಹೋಗಲಿಲ್ಲ. ನಾಲ್ಕು ಹೆಜ್ಜೆ ದೂರ ಹೋಗಿ ನಿಂತು, ಮೂಗು ಕುಣಿಸುತ್ತಾ ಅವಳನ್ನೇ ನೋಡಿತು.

“ಅತ್ತಿಗೇ! ಇಲ್ಲಿ ಬನ್ನಿ! ಏನೋ ಬಂದಿದೆ, ನನ್ನ ಒದೀತು!”

ಅತ್ತಿಗೆ ಸೌಟು ಹಿಡಿದೇ ಬಂದಳು. ನೋಡಿದಳು. “ಐವತ್ತೆರಡು ವರ್ಷ ಕಾಯಿಸಿ ಕೊನೆಗೂ ಮನೆಗೆ ಒಂದು ಗಂಡು ತಂದೆಯಲ್ಲ. ಹಲ್ಲು ಸ್ವಲ್ಪ ಮುಂದಿದೆ. ಇರಲಿ, ನಮಗೂ ವಯಸ್ಸಾಯ್ತು.”

“ಗಂಡೋ ಹೆಣ್ಣೋ ನಿಮಗೇನು ಗೊತ್ತು?”

“ಬಂದ ತಕ್ಷಣ ಒದೀತು ಅಂದ್ಯಲ್ಲ, ಅದಕ್ಕೇ ಹೇಳಿದೆ.”

ಮೊಳೆಮಾವ ಚಹಾ ಲೋಟದ ಜೊತೆ ಬಂದು ಕನ್ನಡಕ ಏರಿಸಿದ. “ಎರಡು ಕಿಲೋ ಬರುತ್ತೆ” ಅಂದ. ಅಕ್ಕ ಅವನನ್ನು ನೋಡಿದ ನೋಟಕ್ಕೆ, “ತೂಕ ಹೇಳಿದೆನಮ್ಮಾ, ತೂಕ. ತಿಂತೀನಿ ಅಂದ್ನಾ?” ಎಂದು ನಾಲಿಗೆ ಕಚ್ಚಿಕೊಂಡ.

ನಾಯಿ ಬೆಕ್ಕನ್ನೂ ಸಾಕಿದವಳಲ್ಲ ಅವಳು. ಮೊಲದ ಬಗ್ಗೆ ಅವಳಿಗೆ ಗೊತ್ತಿದ್ದದ್ದು ಮಕ್ಕಳ ಪುಸ್ತಕ ಹೊಲಿಯುವಾಗ ನೋಡಿದ ಚಿತ್ರದಷ್ಟೇ. ಚಿತ್ರದಲ್ಲಿ ಮೊಲ ಗಜ್ಜರಿ ತಿನ್ನುತ್ತಿತ್ತು. ಗಜ್ಜರಿ ತಂದು ಹಾಕಿದಳು. ಮೊಲ ಗಜ್ಜರಿ ಬಿಟ್ಟು ಅದರ ಜುಟ್ಟಿನ ಸೊಪ್ಪು ತಿಂದಿತು. ಮಾವ ಕಿವಿ ಹಿಡಿದು ಎತ್ತಬೇಕು ಅಂದ. ಎತ್ತಿದಳು. ಅದು ಮಗುವಿನಂತೆ ಚೀರಿತು, ಅವಳು ಮತ್ತೆಂದೂ ಕಿವಿ ಮುಟ್ಟಲಿಲ್ಲ. ಕೆಳಗೊಂದು ಕೈ ಕೊಟ್ಟು, ಹಾಳೆಯ ಅಟ್ಟಿ ಎತ್ತುವ ಹಾಗೆ ಎದೆಗೆ ಒತ್ತಿ ಎತ್ತುವುದನ್ನು ತಾನೇ ಕಲಿತಳು. ಮೂರನೆಯ ದಿನ ಮೊಲ ಇದ್ದಕ್ಕಿದ್ದಂತೆ ಮಗ್ಗುಲಿಗೆ ದೊಪ್ಪನೆ ಬಿದ್ದು ಕಾಲು ಚಾಚಿತು. ಸತ್ತೇಹೋಯಿತು ಎಂದು ಅಕ್ಕ ಕೈಲಿದ್ದ ಅಂಟಿನ ಬಕೆಟ್ಟು ಬೀಳಿಸಿದಳು. ಆ ಸದ್ದಿಗೆ ಮೊಲ ಒಂದು ಕಣ್ಣು ತೆರೆದು, ‘ಮಲಗೋಕೂ ಬಿಡಲ್ವಲ್ಲ’ ಅನ್ನುವ ಹಾಗೆ ನೋಡಿ ಮತ್ತೆ ಮುಚ್ಚಿತು. ಇನ್ನೊಂದು ದಿನ ತನ್ನ ಹಿಂಬದಿಗೆ ಬಾಯಿ ಹಾಕಿ ತನ್ನದೇ ಹಿಕ್ಕೆ ತಿನ್ನುತ್ತಿದ್ದದ್ದನ್ನು ಕಂಡು, ರೋಗವೇ ಇರಬೇಕೆಂದು ಚೀಲದಲ್ಲಿ ಹಾಕಿಕೊಂಡು ದನದ ಆಸ್ಪತ್ರೆಗೆ ಓಡಿದಳು.

ಡಾಕ್ಟರು ಎಮ್ಮೆಯೊಂದರ ಬಾಲದ ಬಳಿ ನಿಂತಿದ್ದರು. ತಿರುಗಿಯೂ ನೋಡದೆ, “ಮೊಲ ಹಾಗೇನಮ್ಮಾ, ತಿಂದು ಮತ್ತೆ ತಿನ್ನುತ್ತೆ. ಹುಲ್ಲು ಹಾಕಿ, ಬದುಕುತ್ತೆ” ಅಂದರು.

ಹುಲ್ಲು ಎಲ್ಲಿಂದ ತರುವುದು? ಪ್ರೆಸ್ಸಿನ ಬೀದಿಯಲ್ಲಿ ಹುಲ್ಲು ಬೆಳೆಯುವಷ್ಟು ಮಣ್ಣೇ ಇರಲಿಲ್ಲ. ತರಕಾರಿಯವಳ ಹತ್ತಿರ ಕೋಸಿನ ಹೊರ ಎಲೆ ಸಿಗುತ್ತಿತ್ತು, ಬೇಕರಿಯಲ್ಲಿ ನಿನ್ನೆಯ ಬ್ರೆಡ್ಡು. ಮೊಲ ಎರಡನ್ನೂ ಕರಕರ ತಿನ್ನುತ್ತಿತ್ತು. ತಿನ್ನುತ್ತಿದೆಯಲ್ಲ, ಸಾಕು ಅಂದುಕೊಂಡಳು. ಮೊದಲ ಸಲ ಸಾಕುವವರು ಮಾಡುವ ತಪ್ಪು ಅದೇ, ತಿಂದದ್ದನ್ನು ಕಂಡು ಹಿಗ್ಗುತ್ತಾರೆ.

ಹೆಸರಿಟ್ಟಳು: ಚೂರು. ಚೂರಿನ ರಾಶಿಯಲ್ಲಿ ಸಿಕ್ಕಿತಲ್ಲ. ಕರೆದರೆ ಬರುತ್ತಿರಲಿಲ್ಲ. ಆದರೆ ನಾಲ್ಕು ಗಂಟೆಗೆ ಯಂತ್ರ ನಿಂತು ಅವಳು ಅಂಗಳ ದಾಟುವುದು ಅದಕ್ಕೆ ಗೊತ್ತಾಗುತ್ತಿತ್ತು. ಬಾಗಿಲು ತೆಗೆದರೆ ಸಾಕು, ಕಾಲಿನ ಸುತ್ತ ಎರಡು ಸುತ್ತು ಹಾಕಿ, ಗಾಳಿಯಲ್ಲಿ ಒಂದು ಗಿರಕಿ ಹೊಡೆದು, ಮಂಚದ ಕೆಳಗೆ ಹೋಗಿ ಹಿಂಗಾಲಿನಿಂದ ನೆಲ ಕುಟ್ಟುತ್ತಿತ್ತು. ಅಷ್ಟು ವರ್ಷ ಅವಳ ಕೈಯಲ್ಲಿ ಲಕ್ಷಗಟ್ಟಲೆ ಕಾಗದ ಹಾದುಹೋಗಿತ್ತು. ಬಂದದ್ದೆಲ್ಲ ಅಳತೆಗೆ ಬಂದು, ಕಟ್ಟಾಗಿ, ಇನ್ನೊಬ್ಬರ ಮನೆಗೆ ಹೋಗುವಂಥದ್ದು. ಅವಳು ಬರಲಿ ಅಂತ ಬಾಗಿಲ ಹಿಂದೆ ಕಾದು ನಿಂತದ್ದು ಇದೊಂದೇ.

ಬಾಗಿಲ ಚೌಕಟ್ಟನ್ನು ಅದು ಒಂದು ಗೇಣು ಕೊರೆದಾಗ ಅತ್ತಿಗೆ ರೇಗಿದಳು. “ಇದು ಬೀದಿ ಮೊಲ ಅಲ್ಲ ಕಣೇ. ಬೀದಿ ಮೊಲ ಅಂತ ಎಲ್ಲಾದ್ರೂ ಕೇಳಿದ್ದೀಯಾ? ಯಾರೋ ಸಾಕಿದ್ದು. ನಾಲ್ಕು ಮನೆ ವಿಚಾರಿಸು.”

ಎರಡು ಮನೆ ವಿಚಾರಿಸಿದಳು. ಇಬ್ಬರೂ ನಮ್ಮದಲ್ಲ ಅಂದರು. ಮೂರನೆಯ ಮನೆಗೆ ಹೋಗಲಿಲ್ಲ. ಮೊಲ ಮನೆಯಲ್ಲಿದೆ ಎಂದು ಆಮೇಲೆ ಯಾರಿಗೂ ಹೇಳಲೂ ಇಲ್ಲ. ಹೇಳಿದರೆ ಯಾರದ್ದು ಅಂತ ಗೊತ್ತಾಗಿಬಿಡುತ್ತದಲ್ಲ.

ಹದಿನೆಂಟನೆಯ ದಿನ ಗೊತ್ತಾಯಿತು.

ಮೊಳೆಮಾವ ತನ್ನ ಮೂಲೆಯಿಂದ ಎದ್ದು, ಹಸಿ ಮಸಿಯ ಕರಡನ್ನು ಹಿಡಿದು ಅವಳ ಯಂತ್ರದ ಹತ್ತಿರ ಬಂದ. ಸಾಮಾನ್ಯವಾಗಿ ಅವನು ಏಳುವವನಲ್ಲ. ಕೂಗಿ ಕರೆಯುವವನು.

“ಓದು” ಅಂದ.

ಅಂಗೈಯಗಲದ ಕರಪತ್ರ. ‘ಮೊಲ ಕಳೆದಿದೆ. ಬಿಳಿ ಬಣ್ಣ. ಎಡಗಿವಿ ಪೂರಾ ಕಪ್ಪು. ಹೆಸರು ಅಲಾರಂ, ಆದರೆ ಕರೆದರೆ ತಿರುಗಿಯೂ ನೋಡುವುದಿಲ್ಲ. ಕಂಡವರು ದಯವಿಟ್ಟು ಈ ಕೆಳಗಿನ ವಿಳಾಸಕ್ಕೆ ತಿಳಿಸಿ.’ ಅದರ ಕೆಳಗೆ ಕೊನೇ ಸಾಲು: ‘ಗಡಿಯಾರ ರಿಪೇರಿ ಅಂಗಡಿ, ಹಳೇ ಸೇತುವೆ ಪಕ್ಕ, ಮಹಡಿ ಮೇಲೆ.’ ಕೆಳಗೆ ಜಾಗ ಸಾಲದೆ ಪ್ರೆಸ್ಸಿನ ಹೆಸರನ್ನು ಮಾವ ಬಲ ಅಂಚಿನಲ್ಲಿ ಅಡ್ಡಡ್ಡ ನಿಲ್ಲಿಸಿದ್ದ.

“ಯಾರು ಕೊಟ್ಟಿದ್ದು?”

“ಸೇತುವೆ ಆಚೆಯವನು. ಒಬ್ಬನೇ ಇರೋದಂತೆ. ಹರ್ನಿಯಾ ಆಪರೇಷನ್ನು ಅಂತ ಮೂರು ವಾರ ಆಸ್ಪತ್ರೇಲಿದ್ದ. ಪಕ್ಕದ ಮನೆಯವರು ಮೇವು ಹಾಕೋಕೆ ಹೋಗಿ ಬಾಗಿಲು ತೆಗೆದಿಟ್ಟು ಬಂದವರೆ. ಇನ್ನೂರು ಪ್ರತಿ. ನಾಳೆ ಬರ್ತಾನೆ.” ಮಾವ ತನ್ನ ಮೂಲೆಗೆ ಹೋದ.

ಮಧ್ಯಾಹ್ನ ಇನ್ನೂರು ಹಾಳೆ ಅಚ್ಚಾಗಿ ಅವಳ ಮೇಜಿಗೆ ಬಂದವು. ಅಟ್ಟಿ ಕುಟ್ಟಿ ಅಂಚು ಸರಿಮಾಡಿದಳು. ಯಂತ್ರದೊಳಕ್ಕೆ ತಳ್ಳಿದಳು. ಮೇಲಿನ ಚಕ್ರ ತಿರುಗಿಸಿ ಬಿಗಿ ಮಾಡಿದಳು. ಮಾವ ಮೊಳೆ ಹೆಕ್ಕುವುದನ್ನು ನಿಲ್ಲಿಸಿದ. ಅವನಿಗೆ ಸಾಲು ಕೇಳಬೇಕಿತ್ತು. ಅಕ್ಕನ ದನಿ ಬರಲಿಲ್ಲ. ಅಚ್ಚು ಒತ್ತುವ ಟ್ರೆಡಲ್ ಮೆಷಿನ್ನೂ ನಿಂತಿತ್ತು. ಗೋಡೆಯಾಚೆ ಮೊಲ ಎರಡು ಸಲ ನೆಲ ಕುಟ್ಟಿದ್ದು ಇಬ್ಬರಿಗೂ ಕೇಳಿಸಿತು.

ಘಸ್.

ಇನ್ನೂರು ವಿಳಾಸ ಉದ್ದುದ್ದ ಚೂರುಗಳಾಗಿ ಅವಳ ಪಾದದ ಮೇಲೆ ಬಿದ್ದವು.

ಮಾವ ಕೂತಲ್ಲಿಂದಲೇ ಹೇಳಿದ: “ನಿಮ್ಮಪ್ಪನ ಕೈ ತಪ್ಪಿದ್ದು ಅವಸರಕ್ಕೆ. ನಿನ್ನ ಕೈಗೇನಾಯ್ತು?”

“ಅಳತೆ ಜಾರಿತು.”

“ಜಾರಿತಾ, ಜಾರಿಸಿದ್ಯಾ?”

ಅವಳು ಕರಪತ್ರಗಳನ್ನು ಕಟ್ಟು ಕಟ್ಟಿ ಮೇಲೊಂದು ಕಂದು ಹಾಳೆ ಸುತ್ತಿದಳು. ಚೂರನ್ನು ರಾಶಿಗೆ ಸುರಿಯಲು ಧೈರ್ಯ ಬರಲಿಲ್ಲ. ಗೋಣಿ ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿ ಮೊಲದ ಪೆಟ್ಟಿಗೆಗೆ ಹಾಸಿದಳು. ಮೊಲ ತನ್ನದೇ ಮನೆಯ ಇನ್ನೂರು ವಿಳಾಸದ ಮೇಲೆ ಆರಾಮಾಗಿ ಕೂತಿತು. ಅವತ್ತು ಸಂಜೆ ಅವಳಿಗೆ ಊಟ ಸೇರಲಿಲ್ಲ. ಅತ್ತಿಗೆ ಕಾರಣ ಕೇಳಿ ತಿಳಿದುಕೊಂಡು, ಬೈಯದೆ ಸುಮ್ಮನೆ ತಟ್ಟೆ ಎತ್ತಿಟ್ಟಳು. ಅತ್ತಿಗೆ ಬೈಯದಿದ್ದರೆ ವಿಷಯ ಕೆಟ್ಟಿದೆ ಅಂತಲೇ ಅರ್ಥ.

ಮಾರನೇ ದಿನ ಕರಪತ್ರ ಒಯ್ಯಲು ಬಂದ ಗಡಿಯಾರದಣ್ಣ ಕಟ್ಟು ಬಿಚ್ಚಿ ನೋಡಲಿಲ್ಲ. ಕಟಿಂಗ್ ಅಕ್ಕನ ಕೆಲಸವನ್ನು ಯಾರೂ ಬಿಚ್ಚಿ ನೋಡುತ್ತಿರಲಿಲ್ಲ. ಬೆನ್ನು ತುಸು ಬಾಗಿಸಿ, ಹೊಟ್ಟೆಯ ಹೊಲಿಗೆಯ ಮೇಲೆ ಒಂದು ಕೈ ಇಟ್ಟುಕೊಂಡು, ತಾನೇ ಗೋಡೆ ಗೋಡೆಗೆ ಅಂಟಿಸುತ್ತಾ ಹೋದ. ಹಿಂದಿನಿಂದ ಯಾರೋ ಓದಿ ನಕ್ಕಾಗಲೇ ಅವನಿಗೆ ಗೊತ್ತಾದದ್ದು. ಊರಿಗೆಲ್ಲ ನಗೆಪಾಟಲು. ‘ಈ ಕೆಳಗಿನ ವಿಳಾಸಕ್ಕೆ ತಿಳಿಸಿ’ ಅಂದಿದೆ, ಕೆಳಗೆ ಬರೀ ಗೋಡೆ! ಅಂಚಿನಲ್ಲಿದ್ದ ಪ್ರೆಸ್ಸಿನ ಹೆಸರು ನೋಡಿ ಜನ ಪ್ರೆಸ್ಸಿಗೇ ಬರತೊಡಗಿದರು. ಒಬ್ಬಳು ಕಂದು ಬಣ್ಣದ ಮೊಲ ತಂದಳು. ಒಬ್ಬ ಬಿಳಿ ಬೆಕ್ಕು ತಂದು, “ಕಿವಿ ಕಪ್ಪಿದೆ ನೋಡಿ” ಎಂದು ವಾದಕ್ಕೆ ನಿಂತ.

ಮರುದಿನ ನಾಲ್ಕಕ್ಕೆ ಗಡಿಯಾರದಣ್ಣ ತಾನೇ ಬಂದ. ಅಕ್ಕ ಬೈಗುಳಕ್ಕೆ ಮೈ ಬಿಗಿ ಮಾಡಿಕೊಂಡು ನಿಂತಳು. ಬೈದಿದ್ದರೆ ಒಳ್ಳೆಯದಿತ್ತು.

“ಹೋಗ್ಲಿ ಬಿಡಿ ಅಕ್ಕಾ, ಕೈ ತಪ್ಪುತ್ತೆ. ನಾನೂ ಸಾವಿರ ಗಡಿಯಾರದ ಮುಳ್ಳು ಮುರಿದವನೇ. ಮತ್ತೆ ಅಚ್ಚು ಹಾಕೋದೇನೂ ಬೇಡ, ಜನ ಹೇಗೂ ಇಲ್ಲಿಗೇ ಬರ್ತಾರಲ್ಲ, ನಾನು ದಿನಾ ಬಂದು ಕೇಳ್ಕೊಂಡು ಹೋಗ್ತೀನಿ. ಡಾಕ್ಟ್ರು ನಡೀರಿ ಅಂದಿದ್ದಾರೆ.”

ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತ. ಚಹಾ ಕೊಟ್ಟರು, ಕುಡಿದ. ನಾಲ್ಕು ದಿನ ಅದೇ ಆಯಿತು. ಅವನು ಕೂರುತ್ತಿದ್ದ ಬೆಂಚಿಗೂ ಮೊಲ ಮಲಗುತ್ತಿದ್ದ ಪೆಟ್ಟಿಗೆಗೂ ನಡುವೆ ಎರಡು ಗೋಡೆ, ಒಂದು ಅಂಗಳ. ಅಕ್ಕ ನಾಲ್ಕಕ್ಕೆ ಅಂಗಳ ದಾಟುವುದನ್ನೇ ಬಿಟ್ಟಳು. ಮೊಲ ಬಾಗಿಲ ಹಿಂದೆ ಕಾದು ಸೋತು, ಚೌಕಟ್ಟನ್ನು ಇನ್ನೊಂದಿಷ್ಟು ಕೊರೆಯಿತು.

ಗಡಿಯಾರದಣ್ಣನಿಗೆ ಬೇರೆ ಮಾತೇ ಬರುತ್ತಿರಲಿಲ್ಲ. “ಹೆಣ್ಣು ಮೊಲ ಅಕ್ಕಾ. ಜಗಳಗಂಟಿ. ಗೋಡೆ ಗಡಿಯಾರ ಹೊಡೆದಾಗೆಲ್ಲ ನೆಲ ಕುಟ್ಟೋದು, ಅದಕ್ಕೇ ಅಲಾರಂ ಅಂತಿಟ್ಟೆ. ಚರ್ಮದ ಪಟ್ಟಿ ಕಂಡ್ರೆ ಬಿಡಲ್ಲ. ಒಬ್ಬ ವಕೀಲರ ವಾಚಿನ ಪಟ್ಟಿ ಅರ್ಧ ತಿಂದಾಕಿತ್ತು. ಬಕಲ್ಲು ಬಿಟ್ಟಿತ್ತು, ಪುಣ್ಯ.” ನಗುತ್ತಿದ್ದ. ನಗುವಾಗ ಹೊಲಿಗೆ ಎಳೆದು ‘ಅಮ್ಮಾ’ ಅನ್ನುತ್ತಿದ್ದ. ಮೊಳೆಮಾವ ತಲೆ ಎತ್ತದೆ ಮೊಳೆ ಹೆಕ್ಕುತ್ತಿದ್ದ. ಅಕ್ಕ ಆ ನಾಲ್ಕು ದಿನವೂ ಎಲ್ಲ ಕಾಗದದ ಕೊನೇ ಸಾಲನ್ನು ಎಂದಿಗಿಂತ ಗಟ್ಟಿಯಾಗಿ ಓದಿದಳು. ಮಾವ ಒಂದಕ್ಕೂ ‘ಹ್ಞೂಂ’ ಅನ್ನಲಿಲ್ಲ. ಅವನು ಅನ್ನಲಿ ಎಂದು ಅವಳು ಕಾಯುವುದು, ಕಾದು ಸಾಕಾಗಿ ಅಲಗು ಇಳಿಸುವುದು.

ಐದನೆಯ ಬೆಳಗ್ಗೆ ಮೊಲ ಬ್ರೆಡ್ಡು ಮುಟ್ಟಲಿಲ್ಲ. ಕೋಸಿನೆಲೆ ಮೂಸಿ ಮುಖ ತಿರುಗಿಸಿತು. ಮೂಲೆಯಲ್ಲಿ ಮುದುಡಿ ಕೂತು, ಆಗಾಗ ಹೊಟ್ಟೆಯನ್ನು ನೆಲಕ್ಕೆ ಒತ್ತಿ ಹಲ್ಲು ಕಟಕಟ ಕಡಿಯಿತು. ಮಧ್ಯಾಹ್ನ ಬಂದು ನೋಡಿದರೆ ಪೆಟ್ಟಿಗೆಯಲ್ಲಿ ಒಂದೇ ಒಂದು ಹಿಕ್ಕೆಯೂ ಇಲ್ಲ. ಆಸ್ಪತ್ರೆಗೆ ಓಡಿದಳು. ಡಾಕ್ಟರು ಹಳ್ಳಿಗೆ ಹೋಗಿದ್ದಾರೆ, ನಾಳೆ ಬರುತ್ತಾರೆ ಅಂದರು.

ವಾಪಸು ಬಂದಾಗ ನಾಲ್ಕಾಗಿತ್ತು. ಗಡಿಯಾರದಣ್ಣ ಬೆಂಚಿನ ಮೇಲಿದ್ದ.

ಅಕ್ಕ ಯಂತ್ರ ಒರೆಸುವ ಬಟ್ಟೆಯಿಂದ ಒರೆಸಿದ್ದನ್ನೇ ಒರೆಸುತ್ತಾ ಕೇಳಿದಳು. “ಅಲ್ಲಾ, ಸುಮ್ಮನೆ ಕೇಳ್ತೀನಿ. ನಿಮ್ಮ ಮೊಲ ಯಾವತ್ತಾದ್ರೂ ಊಟ ಬಿಟ್ಟಿತ್ತಾ?”

“ಒಂದ್ಸಲ. ಕದ್ದು ಬ್ರೆಡ್ ತಿಂದಿತ್ತು. ಅವಕ್ಕೆ ಒಣಹುಲ್ಲೇ ಊಟ ಅಕ್ಕಾ, ಉಳಿದದ್ದೆಲ್ಲ ಬಾಯಿಚಪಲ. ಹುಲ್ಲಿಲ್ಲದಿದ್ರೆ ಹೊಟ್ಟೆ ನಿಂತುಹೋಗುತ್ತೆ. ಗಡಿಯಾರ ನಿಂತಂಗೆ.”

“ನಿಂತರೆ?”

“ಒಂದು ದಿನ ತಡೀಬಹುದು. ಎರಡನೇ ದಿನ ಉಳಿಯೋದು ಕಷ್ಟ.”

ಅವನು ಚಹಾ ಲೋಟವನ್ನು ಬೆಂಚಿನ ಮೇಲಿಟ್ಟ. ಅವಳ ಮುಖವನ್ನೇ, ನಿಂತ ಗಡಿಯಾರವನ್ನು ನೋಡುವ ಹಾಗೆ, ಒಂದು ಕಣ್ಣು ಕಿರಿದು ಮಾಡಿ ನೋಡಿದ. 

ಸುಳ್ಳು ಹೇಳುವ ದಾರಿ ಇನ್ನೂ ಇತ್ತು. ಒಣಹುಲ್ಲು ಎಲ್ಲಿ ಸಿಗುತ್ತದೆ ಎಂದು ಕೇಳಿಕೊಂಡು ತಾನೇ ತಂದು ಹಾಕಬಹುದಿತ್ತು. ಆದರೆ ಹುಲ್ಲು ಹಾಕಿದರೂ ತಿನ್ನದಿದ್ದರೆ? ಮುಂದೇನು ಮಾಡಬೇಕೆಂದು ಆ ಊರಿನಲ್ಲಿ ಗೊತ್ತಿದ್ದವನು ಈ ಬೆಂಚಿನ ಮೇಲೆ ಕೂತವನೊಬ್ಬನೇ. ಅವಳು ಬಟ್ಟೆ ಕೆಳಗಿಟ್ಟಳು.

“ನಿಮ್ಮ ಮೊಲ ನನ್ನ ಹತ್ರ ಇದೆ. ಅಳತೆ ತಪ್ಪಲಿಲ್ಲ, ನಾನೇ ಬೇಕೂಂತ ಕೊಯ್ದೆ. ಈಗ ಅದು ಬೆಳಗ್ಗಿಂದ ಏನೂ ತಿಂದಿಲ್ಲ. ಬೈಯೋದಿದ್ರೆ ಆಮೇಲೆ ಬೈರಿ, ಮೊದಲು ಒಳಗೆ ಬನ್ನಿ.”

ಅವನು ಹೊಟ್ಟೆ ಹಿಡಿದುಕೊಂಡು ಎದ್ದ. “ಗೊತ್ತಿತ್ತು.”

“ಏನು ಗೊತ್ತಿತ್ತು?”

“ಕಟಿಂಗ್ ಅಕ್ಕಂಗೆ ಕೊನೇ ಸಾಲು ತಪ್ಪಲ್ಲ ಅಂತ ಸೇತುವೆ ಆಚೆಗೂ ಗೊತ್ತು ಕಣಕ್ಕಾ. ನೀವಾಗೇ ಬಾಯಿ ಬಿಡಲಿ ಅಂತ ಕೂತಿದ್ದೆ. ನಡೀರಿ, ನಡೀರಿ.”

ಕೋಣೆಯೊಳಗೆ ಅವನು ಪೆಟ್ಟಿಗೆಯ ಮುಂದೆ ಕಷ್ಟಪಟ್ಟು ಕೂತ. ಮೊಲದ ಕೆಳಗಿನ ಚೂರೊಂದನ್ನು ಎಳೆದು ಓದಿದ: ಗಡಿಯಾರ ರಿಪೇರಿ ಅಂಗಡಿ, ಹಳೇ ಸೇತುವೆ ಪಕ್ಕ. ಇನ್ನೊಂದು ಎಳೆದ. ಅದರಲ್ಲೂ ಅದೇ. “ಅಡ್ರೆಸ್ಸು ಮೈಕೆಳಗೇ ಇಟ್ಕೊಂಡು ಮನೆಗೆ ಬರಲಿಲ್ಲವಲ್ಲೇ ಕತ್ತೆ” ಎಂದು ಮೊಲಕ್ಕೆ ಬೈದ.  ಅತ್ತಿಗೆ ಬಾಗಿಲಲ್ಲಿ ನಿಂತು ಗೋಡೆ ನೋಡಿದಳು.

ಆಮೇಲೆ ಅವನು ಹುಕುಂ ಕೊಡುತ್ತಾ ಹೋದ. ಮೊಳೆಮಾವ ಗಾಡಿ ಎತ್ತುಗಳ ಕೊಟ್ಟಿಗೆಯಿಂದ ಒಂದು ಹಿಡಿ ಒಣಹುಲ್ಲು ತಂದ. ಆ ವಯಸ್ಸಿನಲ್ಲಿ ಅವನು ಓಡಿದ್ದನ್ನು ಬೀದಿಯವರು ವರ್ಷಗಟ್ಟಲೆ ಆಡಿಕೊಂಡರು. ಅತ್ತಿಗೆ ನೀರು ಬೆಚ್ಚಗೆ ಮಾಡಿದಳು. ಪೆನ್ನಿಗೆ ಇಂಕು ತುಂಬುವ ಹೊಸ ಡ್ರಾಪರಿನಿಂದ ಬಾಯಿಯ ಪಕ್ಕಕ್ಕೆ ಹನಿಹನಿಯಾಗಿ ಕುಡಿಸಿದರು. ಅಕ್ಕ ಮೊಲವನ್ನು ತೊಡೆಯ ಮೇಲಿಟ್ಟುಕೊಂಡು ಹೊಟ್ಟೆಯನ್ನು ಮೆಲ್ಲಗೆ ನೀವಿದಳು. ಹೊಟ್ಟೆ ಗಾಳಿ ತುಂಬಿದ ಚೆಂಡಿನಂತಿತ್ತು. ಮೂವತ್ತೊಂದು ವರ್ಷ ಹಿಡಿ ಎಳೆದು ಕಾಯಿ ಕಟ್ಟಿದ ಅಂಗೈ. “ಮೆತ್ತಗೆ, ಮೆತ್ತಗೆ, ಅದು ರದ್ದಿ ಪೇಪರ್ ಅಲ್ಲ” ಎಂದು ಅವನು ಗದರಿದ. ಅವಳು ಮರುಮಾತಾಡದೆ ಗದರಿಸಿಕೊಂಡಳು. ಯಾರ ಹತ್ತಿರವೂ ಗದರಿಸಿಕೊಂಡವಳಲ್ಲ.

ಕತ್ತಲಾಗುವ ಮುಂಚೆ ಅವನು ಮನೆಗೆ ಹೊರಟ. “ಈಗ ಅಲುಗಾಡಿಸೋದು ಬೇಡ. ಇಲ್ಲೇ ಇರಲಿ. ಬೆಳಗ್ಗೆ ಬರ್ತೀನಿ.”

“ನನ್ನ ನಂಬ್ತೀರಾ?”

“ಇನ್ಯಾರನ್ನ ನಂಬ್ಲಿ?”

ಬೆಳಗ್ಗೆ ಅವನು ಬಂದಾಗ ಅಂಗಳದಲ್ಲಿ ಮೂವರೂ ಕುಕ್ಕರಗಾಲಲ್ಲಿ ಕೂತು ಒಂದು ಮೊಲದ ಹಿಂಭಾಗವನ್ನೇ ನೋಡುತ್ತಿದ್ದರು. ಅವನೂ ಕೂತ.  ಮೊಲ ಒಂದು ಹುಲ್ಲುಕಡ್ಡಿಯನ್ನು ತುದಿಯಿಂದ ಒಳಕ್ಕೆ ಎಳೆದುಕೊಳ್ಳುತ್ತಾ, ನಾಲ್ಕು ಹೆಜ್ಜೆ ಕುಪ್ಪಳಿಸಿ, ನಿಂತು, ಮೂರು ಹಿಕ್ಕೆ ಹಾಕಿತು.

“ಬಿತ್ತು!” ಎಂದು ಕೂಗಿದವಳು ಅತ್ತಿಗೆ. ಆಮೇಲೆ ನಾಚಿಕೊಂಡು, “ಥೂ, ನಮ್ಮ ಬಾಳೇ! ಬೆಳಗ್ಗೆ ಎದ್ದು ಇದನ್ನ ನೋಡಿ ಖುಷಿ ಪಡೋ ಹಾಗಾಯ್ತಲ್ಲ” ಅಂದಳು. ಮಾವ ಒಂದು ಹಿಕ್ಕೆ ಎತ್ತಿ ಬೆಳಕಿಗೆ ಹಿಡಿದು, “ಗಟ್ಟಿ ಇದೆ. ಹನ್ನೆರಡು ಪಾಯಿಂಟು” ಎಂದು ಮೊಳೆಯ ಅಳತೆ ಹೇಳಿದ. ಎಲ್ಲರೂ ನಕ್ಕರು. ಅಕ್ಕ ನಗುತ್ತಾ ನಗುತ್ತಾ ಎದ್ದು ಒಳಗೆ ಹೋದಳು. ತುಸು ಹೊತ್ತು ಬರಲಿಲ್ಲ.

ಹೊರಗೆ ಬಂದಾಗ ಅವಳ ಕೈಯಲ್ಲಿ ಮುಚ್ಚಳಕ್ಕೆ ತೂತು ಕೊರೆದ ರಟ್ಟಿನ ಪೆಟ್ಟಿಗೆಯಿತ್ತು. ಅಂಚು ಅಳತೆಗೆ ಮಡಚಿ, ಮೂಲೆಗೆ ಬಟ್ಟೆ ಪಟ್ಟಿ ಅಂಟಿಸಿ, ದೊಡ್ಡ ಲೆಡ್ಜರಿಗೆ ಮಾಡುವಷ್ಟು ಜತನದಿಂದ ಮಾಡಿದ್ದಳು. ಯಾವಾಗ ಮಾಡಿದಳು ಎಂದು ಯಾರೂ ಕೇಳಲಿಲ್ಲ.

“ತಗೊಂಡ್ಹೋಗಿ” ಅಂದಳು.

ಇನ್ನೆರಡು ದಿನ ಇರಲಿ ಅಂತ ಗಡಿಯಾರದಣ್ಣ ಹೇಳಲಿಲ್ಲ. ಹೇಳಬಹುದಿತ್ತು, ಹೇಳಲಿಲ್ಲ. ಅವನಿಗೂ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಪೆಟ್ಟಿಗೆಯನ್ನು ಎದೆಗೆ ಒತ್ತಿ ಹಿಡಿದು, ಭಾರ ಹೊಲಿಗೆಗೆ ತಾಗದಂತೆ ಓರೆಯಾಗಿ ನಡೆಯುತ್ತಾ ಹೋದ. ಬೀದಿಯ ತಿರುವಿನವರೆಗೂ ಪೆಟ್ಟಿಗೆಯೊಳಗಿಂದ ಕುಟ್ಟುವ ಸದ್ದು ಬರುತ್ತಿತ್ತು.

“ಚೂರೂ ಅಂತ ಕರೆಯೇ, ನೋಡೋಣ” ಅಂದಳು ಅತ್ತಿಗೆ.

“ತಿರುಗಿ ನೋಡಲ್ಲ ಅಂತ ಕರಪತ್ರದಲ್ಲೇ ಇದೆಯಲ್ಲ” ಅಂದಳು ಅಕ್ಕ.

ಮೊಲ ಆಮೇಲೆ ನಾಲ್ಕು ವರ್ಷ ಬದುಕಿತು. ಅಕ್ಕ ವಾರಕ್ಕೊಮ್ಮೆ ಸೇತುವೆ ದಾಟಿ ಹುಲ್ಲಿನ ಕಟ್ಟು ಕೊಟ್ಟು ಬರುತ್ತಿದ್ದಳು. ಹೋದಾಗಲೆಲ್ಲ ಅದು ಅವಳ ಚಪ್ಪಲಿಯ ಪಟ್ಟಿ ಕಡಿಯುತ್ತಿತ್ತು. ಗುರುತಿಗೋ ಚಪಲಕ್ಕೋ, ಯಾರು ಹೇಳಬೇಕು? ಸತ್ತ ದಿನ ಗಡಿಯಾರದಣ್ಣ ನಾಲ್ಕು ಗಂಟೆಗೆ ಬಂದು ಅದೇ ಬೆಂಚಿನಲ್ಲಿ ಕೂತ. ಅವಳು ಯಂತ್ರ ನಿಲ್ಲಿಸಿ ಪಕ್ಕದಲ್ಲಿ ಕೂತಳು. ಚಹಾ ಆರಿತು. ಬಾಗಿಲ ಚೌಕಟ್ಟಿನ ಕೊರೆದ ಜಾಗಕ್ಕೆ ಹೊಸ ಮರ ಹಾಕಲು ಬಡಗಿ ಬಂದಾಗ, ಬೇಡ ಎಂದು ಕಳಿಸಿದವಳು ಅತ್ತಿಗೆ.

ಆದರೆ ಬೀದಿಯವರು ನೆನೆಯುವುದು ಅದನ್ನಲ್ಲ. ಮೊಲ ಪೆಟ್ಟಿಗೆಯಲ್ಲಿ ತನ್ನ ಮನೆಗೆ ವಾಪಸು ಹೋದ ದಿನದ ಮಧ್ಯಾಹ್ನವನ್ನು.

ಅವತ್ತು ಅಕ್ಕ ಮಾವನ ಮೂಲೆಗೆ ಹೋಗಿ ನಿಂತು ಹೇಳಿದಳು: “ಗೋಡೆ ಮೇಲೆಲ್ಲ ಆ ಕರಪತ್ರ ಹಾಗೇ ಇದೆ. ಜನ ಇನ್ನೂ ಮೊಲ ಹುಡುಕ್ತಿದ್ದಾರೆ. ಮೊಲ ಸಿಕ್ಕಿದೆ ಅಂತ ಒಂದು ಪಟ್ಟಿ ಜೋಡಿಸು. ಕಾಗದ ನಂದು.”

“ಎಷ್ಟು ಸಾಲು?”

“ಎರಡು.”

ಅವಳು ಹೇಳಿದ ಎರಡನೇ ಸಾಲು ಕೇಳಿ ಅವನು ಕೈಲಿದ್ದ ಮೊಳೆ ಖಾನೆಗೆ ಹಾಕಿದ. “ಇದು ಬೇಕಾ? ಅವನು ಏನೂ ಅನ್ನಲಿಲ್ಲವಲ್ಲ.”

“ಅವನು ಅನ್ನಲಿಲ್ಲ ಅಂತಲೇ ಬೇಕು. ಜೋಡಿಸು.”

ಇನ್ನೂರು ಪಟ್ಟಿ ಅಚ್ಚಾಗಿ ಬಂದವು. ಅಂಟಿನ ಬಕೆಟ್ಟು ಹಿಡಿದು ಅತ್ತಿಗೆ ಬಾಗಿಲಲ್ಲಿ ಕಾಯುತ್ತಿದ್ದಳು. ಮುಷ್ಕರದ ವರ್ಷ ಅವರಿಬ್ಬರೂ ಹೀಗೇ ಬಕೆಟ್ಟು ಹಿಡಿದು ಊರೆಲ್ಲ ಸುತ್ತಿದ್ದರು. ಆಗ ಮೊಣಕಾಲು ನೋಯುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಅಕ್ಕ ಅಟ್ಟಿ ಕುಟ್ಟಿದಳು. ತಳ್ಳಿದಳು. ಚಕ್ರ ಬಿಗಿ ಮಾಡಿದಳು. ಪ್ರೆಸ್ಸಿನಲ್ಲಿ ಎಲ್ಲ ಸದ್ದೂ ನಿಂತಿತು. ಅವಳು ಗಂಟಲು ಸರಿಮಾಡಿಕೊಂಡು, ಬೀದಿಗೆ ಕೇಳುವ ಹಾಗೆ ಓದಿದಳು:

“ಹಿಂದಿನ ಕರಪತ್ರದಲ್ಲಿ ವಿಳಾಸ ಇಲ್ಲದೇ ಹೋದದ್ದು ಕೈತಪ್ಪಲ್ಲ, ಕತ್ತರಿಸಿದವಳ ತಪ್ಪು.”

ಮೂಲೆಯಿಂದ ದನಿ ಬರುವವರೆಗೂ ಅವಳು ಹಿಡಿ ಮುಟ್ಟಲಿಲ್ಲ.

“ಹ್ಞೂಂ” ಅಂದ ಮೊಳೆಮಾವ.

ಘಸ್.